ಎರಡಂಕಣದ ಮನೆಯಲ್ಲಿ ಮಗುವಿನ ಏಕಾಂತ

ಶಿಕಾರಿಪುರದಿಂದ ಶಿರಾಳಕೊಪ್ಪದ ಮಾರ್ಗವಾಗಿ ಸೊರಬಕ್ಕೆ ಹೋಗುವ ಹಾದಿಯ ಇಕ್ಕೆಲಗಳಲ್ಲಿ ಕಾಣುವ ಸಣ್ಣ ಮನೆಗಳನ್ನು ಸಾವಧಾನವಾಗಿ ನೋಡುತ್ತ ಹೋದರೆ, ಬಡವರಿಗೆ ಸೂರು ಕಲ್ಪಿಸಲು ನಮ್ಮ ಸರ್ಕಾರಗಳು ಅರ್ಧ ಶತಮಾನದಿಂದ ನಡೆಸಿಕೊಂಡು ಬಂದ ಪ್ರಯತ್ನಗಳ ಚರಿತ್ರೆಯೇ ಕಣ್ಣಮುಂದೆ ಬಿಚ್ಚಿಕೊಳ್ಳುತ್ತದೆ: ದೇವರಾಜ ಅರಸರ ಕಾಲದ ಜನತಾ ಮನೆಗಳು, ಸೊರಬ ಸೀಮೆಯವರೇ ಆದ ಎಸ್. ಬಂಗಾರಪ್ಪನವರು 1990ರಿಂದ 1992ರವರೆಗೆ ಮುಖ್ಯಮಂತ್ರಿಗಳಾಗಿದ್ದಾಗ ಆರಂಭವಾದ ಆಶ್ರಯ ಯೋಜನೆಯ ಮನೆಗಳು, ಅವುಗಳ ಮಗ್ಗುಲಲ್ಲಿ ಈಚೆಗೆ ಎದ್ದು ನಿಂತ ತಾರಸಿಯ ಪುಟ್ಟ ಕಟ್ಟಡಗಳು. ಮಳೆಗಾಲದ ರಾತ್ರಿಗಳಲ್ಲಿ ಸೋರುವ ಮಾಡಿನ ಕೆಳಗೆ ಪಾತ್ರೆಯಿಟ್ಟು ಎಚ್ಚರಿರುತ್ತಿದ್ದ ಸಂಸಾರಗಳು ಇಂದು ಒಣನೆಲದ ಮೇಲೆ ಮಲಗುವಂತಾಗಿರುವುದು ಸಾಮಾನ್ಯವಾದ ಸಂಗತಿಯಲ್ಲ. ಅದಕ್ಕಾಗಿ ದುಡಿದವರೆಲ್ಲರಿಗೂ ನಾವು ಕೃತಜ್ಞರಾಗಿರತಕ್ಕದ್ದು. ಆದರೆ ಈ ಎಲ್ಲ ಮನೆಗಳ ನಕ್ಷೆಯಲ್ಲಿಯೂ, ಕಾಲ ಬದಲಾದರೂ ಬದಲಾಗದೆ ಉಳಿದ ಒಂದು ಅಂಶವಿದೆ. ಅಡುಗೆಗೆ ಒಂದು ಮೂಲೆ, ಮಲಗಲು ಒಂದು ಕೋಣೆ, ಬಂದವರು ಕೂರಲು ಒಂದು ಪಡಸಾಲೆ. ಮಗುವಿನದೆಂದು ಕೈತೋರಿಸಿ ಹೇಳಬಹುದಾದ ಮೊಳದಷ್ಟು ಜಾಗ ಇವುಗಳ ಪೈಕಿ ಯಾವುದರಲ್ಲಿಯೂ ಇಲ್ಲ.

ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗವು 2016ರಲ್ಲಿ ಮನೆಯ ಕನಿಷ್ಠ ವಿಸ್ತೀರ್ಣವನ್ನು 20 ಚದರ ಮೀಟರಿನಿಂದ 25 ಚದರ ಮೀಟರಿಗೆ ಏರಿಸಿತು. ಅಡುಗೆಯ ಸ್ಥಳವನ್ನೂ ಸೇರಿಸಿ ಇದು ಸುಮಾರು 270 ಚದರಡಿ. ತಂದೆ, ತಾಯಿ, ಅಜ್ಜಿ, ಮೂವರು ಮಕ್ಕಳು ಇಷ್ಟರಲ್ಲಿ ಉಣ್ಣಬೇಕು, ಓದಬೇಕು, ಬಟ್ಟೆ ಬದಲಿಸಬೇಕು, ಅಳಬೇಕು, ನಿದ್ರಿಸಬೇಕು. ಇದು ಕೆಲವೇ ಮನೆಗಳ ಪಾಡೂ ಅಲ್ಲ. 2011ರ ಜನಗಣತಿಯಂತೆ ನಮ್ಮ ದೇಶದ ನೂರು ಕುಟುಂಬಗಳಲ್ಲಿ ಸುಮಾರು 37 ಒಂದೇ ಕೋಣೆಯಲ್ಲಿಯೂ, ಸುಮಾರು 32 ಎರಡು ಕೋಣೆಗಳಲ್ಲಿಯೂ ಸಂಸಾರ ಹೂಡಿದ್ದವು.

ಇಷ್ಟರಲ್ಲಿ ಮಗುವಿಗೆ ಏಕಾಂತವೇತಕ್ಕೆ ಎಂದು ಕೇಳುವ ಹಿರಿಯರುಂಟು. ಹತ್ತು ಮಂದಿ ಒಂದೇ ಜಮಖಾನದ ಮೇಲೆ ಮಲಗಿ ನಾವು ಬೆಳೆಯಲಿಲ್ಲವೇ ಎಂಬ ಅವರ ಪ್ರಶ್ನೆಯಲ್ಲಿ ಅಸತ್ಯವೇನೂ ಇಲ್ಲ. ಆದರೆ ಆ ಹತ್ತು ಮಂದಿಯೊಳಗೆ ಬೆಳೆದ ಮಗುವಿಗೆ ಮನೆಯ ಹೊರಗೆ ಒಂದು ವಿಶಾಲವಾದ ಪ್ರಪಂಚ ತೆರೆದಿತ್ತೆಂಬುದನ್ನು ಅವರು ಮರೆಯುತ್ತಾರೆ. ಕೊಟ್ಟಿಗೆಯ ಮೇಲಿನ ಹುಲ್ಲಟ್ಟ, ಕೆರೆಯ ಏರಿ, ಸುಗ್ಗಿ ಮುಗಿದ ಕಣ, ಸೊರಬದ ಕಡೆಯಾದರೆ ಊರಂಚಿನ ಕಾನು, ಇವೆಲ್ಲ ಮಗು ಯಾರ ಅನುಮತಿಯನ್ನೂ ಕೇಳದೆ ಹೋಗಿ ಕುಳಿತುಕೊಳ್ಳಬಹುದಾದ ಸ್ಥಳಗಳಾಗಿದ್ದವು. ಒಳಗೂ ಅಷ್ಟೆ, ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಯಲ್ಲಿ ಅಲ್ಲಲ್ಲಿ ಕೊರೆದ ಗೂಡುಗಳಿದ್ದು, ದೇವರಿಗೊಂದು, ದೀಪಕ್ಕೊಂದು, ಅಜ್ಜನ ಎಲೆಯಡಿಕೆಗೊಂದು ಆದಮೇಲೆ ಮಗುವಿನ ಗೋಲಿಗೂ ಬಳಪಕ್ಕೂ ಒಂದು ಗೂಡು ಉಳಿಯುತ್ತಿತ್ತು. ಈಗಿನ ಸಿಮೆಂಟ್ ಇಟ್ಟಿಗೆಯ ತೆಳುಗೋಡೆಯಲ್ಲಿ ಗೂಡು ಕೊರೆಯಲು ಬರುವುದಿಲ್ಲ. ಕೊಟ್ಟಿಗೆಗಳು ಬರಿದಾಗಿವೆ, ಕಾನುಗಳು ಕುಗ್ಗಿವೆ, ಶುಂಠಿಯ ಹೊಲಕ್ಕೆ ಬೇಲಿ ಬಿದ್ದಿದೆ, ಹತ್ತು ದಾಟಿದ ಹೆಣ್ಣುಮಗಳನ್ನು ಒಂಟಿಯಾಗಿ ಕೆರೆಯ ಏರಿಗೆ ಕಳುಹಿಸುವ ಧೈರ್ಯ ಇಂದು ಯಾವ ತಾಯಿಗೂ ಇಲ್ಲ. ಹೀಗೆ ಮಗು ಸಂಪೂರ್ಣವಾಗಿ ಮನೆಯೊಳಕ್ಕೆ ಬಂದಿದೆ. ಆ ಮನೆಯೋ ಹಿಂದಿಗಿಂತ ಇಕ್ಕಟ್ಟಾಗಿದೆ.

ಋತುಮಾನಗಳು ಈ ಇಕ್ಕಟ್ಟನ್ನು ಇನ್ನಷ್ಟು ಬಿಗಿಗೊಳಿಸುತ್ತವೆ. ಆಷಾಢ ಶ್ರಾವಣಗಳ ಮಳೆ ಹಿಡಿಯಿತೆಂದರೆ ಒದ್ದೆಬಟ್ಟೆಗಳೂ, ಒಲೆಯ ಹೊಗೆಯೂ, ಒಣಗಿಸಬೇಕಾದ ಸೌದೆಯೂ ಮಕ್ಕಳೊಂದಿಗೆ ಅದೇ ಪಡಸಾಲೆಯನ್ನು ಹಂಚಿಕೊಳ್ಳುತ್ತವೆ. ಮಳೆ ಹೋಯಿತೆನ್ನುವಷ್ಟರಲ್ಲಿ ಗೋವಿನಜೋಳದ ಚೀಲಗಳು ಗೋಡೆಯುದ್ದಕ್ಕೂ ಏರಿ ಕುಳಿತಿರುತ್ತವೆ. ಅಡಿಕೆಯ ಕೊಯ್ಲಿನ ತಿಂಗಳುಗಳಲ್ಲಂತೂ ರಾತ್ರಿ ಬಹಳ ಹೊತ್ತಿನವರೆಗೆ ಮೆಟ್ಟುಗತ್ತಿ ಹಾಕಿ ಕುಳಿತು ಸುಲಿಯುವವರ ಮಾತು, ನಗು, ಮೊಬೈಲಿನ ಹಾಡು ಇವುಗಳ ನಡುವೆ, ಜಗುಲಿಯ ಒಂದೇ ದೀಪದ ಅಂಚಿನಲ್ಲಿ, ಎಸ್‌ಎಸ್‌ಎಲ್‌ಸಿ ಓದುವ ಹುಡುಗ ಬೀಜಗಣಿತದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿರುವುದನ್ನು ಆ ಕಡೆಯ ಯಾವ ಊರಿನಲ್ಲಿಯೂ ಕಾಣಬಹುದು. ಅಡಿಕೆ ಸುಲಿಯುವುದು ನಿಲ್ಲಲಾರದು. ಅದು ಮನೆಯ ಅನ್ನ. ಆ ಹುಡುಗನಿಗೆ ಬೇಕಾದ ಒಂದು ಗಂಟೆಯೂ ಅನ್ನದಷ್ಟೇ ಆವಶ್ಯಕವೆಂಬುದನ್ನು ಮನೆಯವರು ಒಪ್ಪಿಕೊಂಡರೆ, ಆ ಗಂಟೆಯನ್ನು ಎಲ್ಲಿಂದಲಾದರೂ ಉಳಿಸಿ ಕೊಡುವ ಉಪಾಯ ಅವರಿಗೇ ಹೊಳೆಯುತ್ತದೆ.

ಕಾನೂನಿನ ಮಾತನ್ನು ಸಂಕ್ಷೇಪವಾಗಿ ಹೇಳಿ ಮುಗಿಸಬಹುದು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೆಯ ವಿಧಿಯು ಮಗುವಿನ ಖಾಸಗಿ ಜೀವನದಲ್ಲಿಯೂ ಪತ್ರವ್ಯವಹಾರದಲ್ಲಿಯೂ ಅಕ್ರಮವಾಗಿ ಕೈಹಾಕಲಾಗದೆಂದು ಸಾರಿತು. ಭಾರತ 1992ರಲ್ಲಿ ಅದಕ್ಕೆ ಒಪ್ಪಿಗೆಯಿತ್ತಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಏಕಕಂಠದಿಂದ ಘೋಷಿಸಿತು. ಇವೆಲ್ಲ ಅತ್ಯಂತ ಗೌರವಾರ್ಹವಾದುವು. ಹಾಗಿದ್ದಾಗ್ಯೂ ನ್ಯಾಯಾಲಯವು ಎರಡಂಕಣದ ಮನೆಯೊಳಕ್ಕೆ ಬಂದು ಒಂದು ಪರದೆಯನ್ನು ಕಟ್ಟಿಕೊಡಲಾರದು.

ಏಕಾಂತವೆಂಬುದು ಕೋಣೆಗಳ ಸಂಖ್ಯೆಯಿಂದ ಹುಟ್ಟುವುದಾಗಿದ್ದರೆ ಬಡವರ ಮಕ್ಕಳಿಗೆ ಅದರ ಆಸೆಯನ್ನೇ ಬಿಡಬೇಕಾಗುತ್ತಿತ್ತು. ಅದು ಹಾಗಿಲ್ಲವೆಂಬುದಕ್ಕೆ ಈ ನೆಲದ್ದೇ ಆದ ಒಂದು ನಿದರ್ಶನವಿದೆ. ಅಕ್ಕಮಹಾದೇವಿಯ ಉಡುತಡಿಯೆಂದು ಗುರುತಿಸುವ ಉಡುಗಣಿ ಶಿಕಾರಿಪುರ ತಾಲ್ಲೂಕಿನ ಗ್ರಾಮ. ಹರಿಹರನ ರಗಳೆ ಹೇಳುವ ಕಥೆಯಲ್ಲಿ, ಅರಸನಾದ ಕೌಶಿಕನ ಅರಮನೆಗೆ ಹೋಗಲು ಒಪ್ಪುವ ಮುನ್ನ ಆ ಎಳೆಯ ಹೆಣ್ಣು ನಿಯಮಗಳನ್ನು ಒಡ್ಡುತ್ತಾಳೆ: ತನ್ನ ಇಚ್ಛೆಯಷ್ಟು ಕಾಲ ಶಿವಪೂಜೆಯಲ್ಲಿಯೂ, ಶರಣರ ಸಂಗದಲ್ಲಿಯೂ, ಗುರುವಿನ ಸನ್ನಿಧಿಯಲ್ಲಿಯೂ ಇರಲು ತನ್ನನ್ನು ಬಿಡಬೇಕು. ಒಡವೆಯನ್ನಾಗಲಿ ಉಪ್ಪರಿಗೆಯನ್ನಾಗಲಿ ಆಕೆ ಬೇಡಲಿಲ್ಲ. ನಡುವೆ ಬಂದು ಯಾರೂ ಕೆಡಿಸದ ವೇಳೆಯನ್ನು ಬೇಡಿದಳು. ಕೋಣೆಗಳಿಗೆ ಕೊರತೆಯಿಲ್ಲದ ಆ ಅರಮನೆಯಲ್ಲಿ ಆಕೆಗೆ ದೊರೆಯದೆ ಹೋದದ್ದು ಅದೊಂದೇ. ನಿಯಮಗಳು ಮುರಿದಾಗ ಆಕೆ ಅರಮನೆಯನ್ನೇ ಬಿಟ್ಟು ಹೊರಟಳು. ಈ ಕಥೆಯನ್ನು ಭಕ್ತಿಯ ದೃಷ್ಟಿಯಿಂದ ಓದುವವರು ಓದಲಿ. ಅದರೊಂದಿಗೆ, ಮನೆಯಲ್ಲಿರುವ ಹನ್ನೆರಡರ ಮಗಳನ್ನು ನೆನೆದುಕೊಂಡು ಓದಿದರೂ ಅಪಚಾರವಾಗದೆಂದು ನನ್ನ ನಂಬಿಕೆ.

ಇದಕ್ಕೆ ಪ್ರತಿಯಾಗಿ, ಅತ್ಯಂತ ಇಕ್ಕಟ್ಟಾದ ಜಾಗದಲ್ಲಿಯೂ ಏಕಾಂತವನ್ನು ಕೊಡಬಹುದೆಂಬುದಕ್ಕೆ ದೂರದ ಆಮ್‌ಸ್ಟರ್‌ಡ್ಯಾಮಿನ ಒಂದು ಪ್ರಸಂಗವನ್ನು ಹೇಳಬಹುದು. 1942ರಿಂದ 1944ರವರೆಗೆ ನಾಜಿಗಳಿಗೆ ಹೆದರಿ ಒಂದು ಕಟ್ಟಡದ ಹಿಂಭಾಗದಲ್ಲಿ ಅಡಗಿದ್ದ ಎಂಟು ಮಂದಿಯ ಪೈಕಿ ಬಾಲಕಿ ಆನ್ ಫ್ರಾಂಕ್ ಒಬ್ಬಳು. ಆಕೆಯ ಕೋಣೆಯಲ್ಲಿ ವಯಸ್ಕರಾದ ಒಬ್ಬ ದಂತವೈದ್ಯರು ಪಾಲುಗಾರರು. ಆ ಕೋಣೆಯ ಪುಟ್ಟ ಮೇಜು ವಾರದಲ್ಲಿ ಎರಡು ಮಧ್ಯಾಹ್ನ, ಒಂದೂವರೆ ಗಂಟೆಯ ಕಾಲ, ತನಗೆ ದೊರೆಯಬೇಕೆಂದು 1943ರ ಜುಲೈನಲ್ಲಿ ಆಕೆ ಕೇಳಿದಾಗ ಜಗಳವೇ ಆಯಿತು. ಕೊನೆಗೆ ತಂದೆ ಆಟೊ ಫ್ರಾಂಕ್ ನಡುವೆ ನಿಂತು ಆ ವೇಳೆಯನ್ನು ಮಗಳಿಗೆ ಕೊಡಿಸಿದರು. ಆಕೆಯ ದಿನಚರಿ ತಂದೆಯ ಚರ್ಮದ ಚೀಲದಲ್ಲಿಯೇ ಇರುತ್ತಿತ್ತು. ಮಗಳು ಬದುಕಿರುವವರೆಗೆ ಅವರು ಅದನ್ನು ಓದಲಿಲ್ಲ. ಯುದ್ಧ ಮುಗಿದು, ಮಗಳಿಲ್ಲವೆಂದು ತಿಳಿದಮೇಲೆ ಓದಿದಾಗ, ಇಷ್ಟು ಗಾಢವಾದ ಮನಸ್ಸು ತನ್ನ ಮಗಳದೆಂದು ತನಗೆ ತಿಳಿದೇ ಇರಲಿಲ್ಲವೆಂದು ಆ ತಂದೆ ವಿಸ್ಮಯಪಟ್ಟರು. ಪ್ರಾಣಕ್ಕೇ ಭದ್ರತೆಯಿಲ್ಲದ ಸ್ಥಿತಿಯಲ್ಲಿ ಒಬ್ಬ ತಂದೆ ಇದನ್ನು ಮಾಡಬಲ್ಲವನಾದರೆ, ಶಿರಾಳಕೊಪ್ಪದ ಸಂತೆಯಿಂದ ಸಂಜೆ ನೆಮ್ಮದಿಯಾಗಿ ಮನೆಗೆ ಮರಳುವ ತಂದೆಗೆ ಅಸಾಧ್ಯವಾಗಬೇಕಾದ ಕಾರಣವಿಲ್ಲ.

ಹಾಗಾದರೆ ಕೊಡಬೇಕಾದದ್ದೇನು? ಮೊದಲನೆಯದಾಗಿ ಬೀಗವಿರುವ ಒಂದು ಪೆಟ್ಟಿಗೆ. ಸೊರಬದ ಗುಡಿಗಾರರು ಶ್ರೀಗಂಧದಲ್ಲಿ ಬಳ್ಳಿ, ಹೂ, ಹಂಸಗಳನ್ನು ಬಿಡಿಸಿ ಮಾಡುತ್ತಿದ್ದ ಪೆಟ್ಟಿಗೆಗಳ ಕೌಶಲವನ್ನು ಬಿ. ಎಲ್. ರೈಸರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. ಮಗುವಿಗೆ ಅಂಥದ್ದೇನೂ ಬೇಕಿಲ್ಲ. ಹಾಸ್ಟೆಲಿಗೆ ಹೋಗುವ ಮಕ್ಕಳು ಒಯ್ಯುವ ತಗಡಿನ ಟ್ರಂಕು ಸಾಕು. ಆನವಟ್ಟಿಯ ಕಡೆಯ ಒಂದು ಮನೆಯಲ್ಲಿ ಅಂಥದೊಂದು ಟ್ರಂಕನ್ನು ನಾನು ನೋಡಿದ್ದೇನೆ. ತಂದೆ ಓದುವ ಕಾಲದಲ್ಲಿ ಬಳಸಿದ್ದದು. ಹಸಿರು ಬಣ್ಣ ಮುಕ್ಕಾಲು ಪಾಲು ಉದುರಿ, ಮುಚ್ಚಳದ ಮೇಲೆ ಅವನ ಹೆಸರಿನ ಬಿಳಿಯ ಅಕ್ಷರಗಳು ಅರ್ಧ ಉಳಿದಿವೆ. ಅದೀಗ ಏಳನೆಯ ತರಗತಿಯ ಮಗಳ ಸ್ವತ್ತು. ಮಂಚದ ಕೆಳಗೆ, ಭತ್ತದ ಚೀಲಕ್ಕೆ ಒತ್ತಿಕೊಂಡಂತೆ ಅದರ ಸ್ಥಾನ. ಕೀಲಿಕೈ ಅವಳ ಕೊರಳ ದಾರದಲ್ಲಿ. ನಾವು ಮಾತಾಡುತ್ತಿರುವಾಗಲೇ ಅವಳು ಶಾಲೆಯಿಂದ ಬಂದು, ನಮ್ಮ ಕಡೆಗೆ ಬೆನ್ನು ಮಾಡಿ ಕುಳಿತು, ಟ್ರಂಕು ತೆರೆದು ಏನನ್ನೋ ಒಳಗಿಟ್ಟು ಮುಚ್ಚಿದಳು. ಅಜ್ಜಿಗೆ ಕುತೂಹಲ. "ಅದ್ರಾಗೆ ಏನಿಟ್ಟೀಯೇ, ನನಗಾರೂ ತೋರ್ಸೇ" ಎಂದರು. ಒಲೆಯ ಮುಂದಿದ್ದ ಸೊಸೆ ತಿರುಗದೆಯೇ, "ಬಿಡಿ ಅತ್ತೆ, ಅದು ಅವಳದ್ದು" ಎಂದಳು. ಮಾತು ಅಲ್ಲಿಗೆ ಮುಗಿಯಿತು. ಆ ತಾಯಿ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಓದಿದವಳಲ್ಲ. ಅದರ ಸಾರವನ್ನು ಎರಡೇ ಮಾತಿನಲ್ಲಿ ಆಚರಣೆಗೆ ತಂದವಳು.

ಟ್ರಂಕಿನ ಕೀಲಿಯನ್ನು ಕೊಟ್ಟು, ಮಗು ಶಾಲೆಗೆ ಹೋದಾಗ ಇನ್ನೊಂದು ಕೀಲಿಯಿಂದ ತೆರೆದು ನೋಡುವ ತಂದೆತಾಯಿಗಳೂ ಇದ್ದಾರೆ. ಅವರು ಏನನ್ನೂ ಕೊಡದಿದ್ದವರಿಗಿಂತ ಹೆಚ್ಚಿನ ಹಾನಿ ಮಾಡುತ್ತಾರೆ. ಮಗುವಿಗೆ ಅದು ಎಂದಾದರೂ ತಿಳಿದೇ ತಿಳಿಯುತ್ತದೆ. ತಿಳಿದಮೇಲೆ ಆ ಮನೆಯಲ್ಲಿ ಅದು ಯಾವುದನ್ನೂ ಯಾರಿಗೂ ಹೇಳುವುದಿಲ್ಲ.

ಎರಡನೆಯದು ಬಚ್ಚಲಿನ ಬಾಗಿಲು. ಇದನ್ನು ಬರೆಯಲು ಸಂಕೋಚಪಡಬೇಕಾಗಿಲ್ಲ. ಸಂಕೋಚಪಟ್ಟು ಬಿಟ್ಟದ್ದರಿಂದಲೇ ಇದು ಹೀಗೆ ಉಳಿದಿದೆ. ಅನೇಕ ಮನೆಗಳಲ್ಲಿ ಬಚ್ಚಲೆಂದರೆ ಹಿತ್ತಲಿನಲ್ಲಿ ಮೂರು ಕಡೆ ಮಡಲು ಇಲ್ಲವೆ ತಗಡು, ನಾಲ್ಕನೆಯ ಕಡೆ ಹಳೆಯ ಸೀರೆ. ಬಾಗಿಲಿರುವಲ್ಲಿಯೂ ಚಿಲಕ ಒಳಗಿರುವುದಿಲ್ಲ. ಹಂಡೆಯ ಒಲೆಗೆ ಸೌದೆ ಒಡ್ಡಲು ಬರುವ ಅಣ್ಣನೋ ಚಿಕ್ಕಪ್ಪನೋ, ಯಾವ ದುರುದ್ದೇಶವೂ ಇಲ್ಲದೆ, ಕೂಗಿ ಹೇಳದೆ ಬಂದುಬಿಡುತ್ತಾರೆ. ಮೈ ಬೆಳೆಯುತ್ತಿರುವ ಹುಡುಗಿ ಆದಕಾರಣ ಬಟ್ಟೆಯುಟ್ಟೇ ಮೀಯುತ್ತಾಳೆ, ಅರ್ಧಂಬರ್ಧ ಮಿಂದು ಓಡಿಬರುತ್ತಾಳೆ. ಗಂಡುಮಕ್ಕಳಿಗೂ ನಾಚಿಕೆಯಿದೆ, ಅದನ್ನು ಹೇಳಿಕೊಳ್ಳಲು ಅವರಿಗೆ ಅವಕಾಶವೂ ಇಲ್ಲ. ಒಳಗಿನಿಂದ ಹಾಕಿಕೊಳ್ಳುವ ಒಂದು ಚಿಲಕಕ್ಕೆ ಒಂದು ದಿನದ ಕೂಲಿಯ ಸಣ್ಣದೊಂದು ಭಾಗ ಸಾಕು. ಹಿಂದೆ ನಮ್ಮ ಹಳ್ಳಿಗಳ ಹಿರಿಯರು, ಹೆಣ್ಣುಮಕ್ಕಳು ಕುಳಿತಿರುವ ನಡುಮನೆಗೆ ಬರುವ ಮುನ್ನ ಹೊಸ್ತಿಲಾಚೆ ನಿಂತು ಕೆಮ್ಮಿ ಬರುತ್ತಿದ್ದರು. ಬಾಗಿಲಿಲ್ಲದ ಮನೆಗಳಲ್ಲಿ ಬಾಗಿಲಿನ ಕೆಲಸವನ್ನು ಆ ಕೆಮ್ಮು ಮಾಡುತ್ತಿತ್ತು. ಅತ್ತೆ ಸೊಸೆಯರಿಗಾಗಿ ಇದ್ದ ಆ ಮರ್ಯಾದೆಯನ್ನು ಮಕ್ಕಳಿಗೂ ವಿಸ್ತರಿಸಿದರೆ ಸಾಕು. ಹೊಸದೇನನ್ನೂ ಹೊರಗಿನಿಂದ ತರಬೇಕಾಗಿಲ್ಲ.

ಮೂರನೆಯದು ನಾಲಗೆಯ ಸಂಯಮ, ಮತ್ತು ನನ್ನ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ಕಠಿಣವಾದದ್ದು. ಜಗುಲಿಗೆ ಬಂದ ನೆಂಟರೊಡನೆ, ಮಗು ಅಲ್ಲಿಯೇ ಕಂಬಕ್ಕೆ ಒರಗಿ ನಿಂತಿರುವಾಗ, ಅದು ಇನ್ನೂ ಹಾಸಿಗೆ ಒದ್ದೆ ಮಾಡಿಕೊಳ್ಳುವ ವಿಷಯವನ್ನೂ, ಗಣಿತದಲ್ಲಿ ಬಂದ ಅಂಕವನ್ನೂ, ಮೈಬಣ್ಣವನ್ನೂ, ಯಾವ ಗೆಳತಿಯೊಡನೆ ಮಾತು ಬಿಟ್ಟು ಅತ್ತಿತೆಂಬುದನ್ನೂ ನಾವು ನಗುನಗುತ್ತ ಹೇಳಿಬಿಡುತ್ತೇವೆ. ಪ್ರೀತಿಯಿಂದಲೇ ಹೇಳುತ್ತೇವೆ. ಮಗುವಿನ ಮುಖ ಬಾಡುವುದನ್ನು ಕಂಡರೂ ನಾಚಿಕೆಯೆಂದು ಭಾವಿಸಿ ಇನ್ನಷ್ಟು ನಗುತ್ತೇವೆ. ಈಗ ಜಗುಲಿಯ ಜೊತೆಗೆ ವಾಟ್ಸ್‌ಆ್ಯಪಿನ ಸ್ಟೇಟಸ್ಸೂ ಸೇರಿ, ಬೆತ್ತಲೆ ಮಗುವಿನ ಎಣ್ಣೆಸ್ನಾನದ ಚಿತ್ರ ಊರಿಗೆಲ್ಲ ತಲುಪುತ್ತದೆ. ಇನ್ನು ಹುಡುಗಿ ಮೈನೆರೆದಳೆಂದರೆ ಅವಳನ್ನು ಹಸೆಯ ಮೇಲೆ ಕೂರಿಸಿ ಆರತಿಯೆತ್ತಿ ಕೇರಿಯವರನ್ನೆಲ್ಲ ಕರೆದು ಊಟ ಹಾಕುವ ಪದ್ಧತಿ ಬಹಳ ಮನೆಗಳಲ್ಲಿದೆ. ಆ ಹರಸುವಿಕೆಯ ಹಿಂದಿನ ವಾತ್ಸಲ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಹೊಸ ಸೀರೆ, ಕೊಬ್ಬರಿ, ಬೆಲ್ಲ, ಸೋದರಮಾವನ ಉಡುಗೊರೆ ಎಲ್ಲವೂ ಅವಳಿಗೆ ಸಂತೋಷವನ್ನೂ ಕೊಡಬಹುದು. ಆದರೆ ನಾಳೆ ತರಗತಿಯಲ್ಲಿ ಪಕ್ಕದ ಸಾಲಿನ ಹುಡುಗರ ಎದುರು ಕೂರಬೇಕಾದವಳು ಅವಳು. ಕರೆಯುವ ಮುನ್ನ, ಕರೆಯಲೇ, ಯಾರನ್ನು ಕರೆಯಲಿ ಎಂದು ಅವಳನ್ನು ಒಮ್ಮೆ ಕೇಳಿದ ಮನೆಗಳೆಷ್ಟು? ಕೇಳುವುದರಿಂದ ಯಾವ ಶಾಸ್ತ್ರವೂ ಕೆಡುವುದಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಅದು ಗಂಭೀರವಾದದ್ದು. ಮೊಬೈಲು ಮಕ್ಕಳ ಕೈಗೆ ಬಂದಿರುವ ಈ ಕಾಲದಲ್ಲಿ ಏಕಾಂತ ಕೊಟ್ಟರೆ ಕೇಡಿಗೆ ದಾರಿ ಮಾಡಿಕೊಟ್ಟಂತಾಗದೇ ಎಂದು ತಾಯಂದಿರು ಕೇಳುತ್ತಾರೆ. ಭಯ ನಿರಾಧಾರವಲ್ಲ. ಆದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯಿದೆಯ ಪ್ರಕರಣಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಯೆಂದರೆ, ಮಗುವಿಗೆ ಕೇಡು ಮಾಡುವವನು ಬಹುಮಟ್ಟಿಗೆ ಮಗುವಿಗೆ ಪರಿಚಿತನೇ ಆಗಿರುತ್ತಾನೆ. ತನ್ನ ಮೈ ತನ್ನದು, ತನ್ನ ಬಾಗಿಲು ತನ್ನದು, ಬೇಡವೆಂದರೆ ಮನೆಯ ಹಿರಿಯರೂ ನಿಲ್ಲುತ್ತಾರೆಂಬ ಅನುಭವವಿರುವ ಮಗು, ಪರಿಚಿತನೊಬ್ಬ ಮೇರೆ ಮೀರಿದಾಗ ಅದನ್ನು ಥಟ್ಟನೆ ಗುರುತಿಸುತ್ತದೆ, ತಾಯಿಗೆ ಹೇಳುತ್ತದೆ, ಅಗತ್ಯಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವ ಧೈರ್ಯವನ್ನೂ ಪಡೆದಿರುತ್ತದೆ. ಯಾವ ಮೇರೆಯನ್ನೂ ಕಂಡರಿಯದ ಮಗು ಮೀರುವುದನ್ನು ಹೇಗೆ ತಿಳಿದೀತು? ಫೋನಿನ ವಿಷಯದಲ್ಲಿ ನಾನು ಹೇಳುವುದು ಇಷ್ಟೆ: ನೋಡಬೇಕಾದರೆ ಮೊದಲೇ ಹೇಳಿ ನೋಡಿರಿ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿರಿ, ಅದು ನಿದ್ರಿಸಿದಮೇಲೆ ದಿಂಬಿನಡಿಯಿಂದ ತೆಗೆದು ನೋಡಬೇಡಿರಿ. ಎಂಟರ ಮಗುವಿಗೂ ಹದಿನಾರರ ಮಗುವಿಗೂ ಒಂದೇ ಅಳತೆಯನ್ನು ಇಡಲಾಗದೆಂಬುದು ಹೇಳದೆಯೇ ತಿಳಿಯುವ ಮಾತು.

ಮನೆಯೊಳಗೆ ಎಷ್ಟು ಮಾಡಿದರೂ ಸಾಲದ ಮಕ್ಕಳಿಗೆ ಊರು ಸ್ವಲ್ಪ ಜಾಗ ಕೊಡಬೇಕು. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರ 'ಓದುವ ಬೆಳಕು' ಕಾರ್ಯಕ್ರಮದ ಮೂಲಕ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆತದ್ದು, ಅವು ಅರಿವು ಕೇಂದ್ರಗಳಾಗಿ ಬೆಳೆದದ್ದು, ಈಚಿನ ವರ್ಷಗಳ ಅತ್ಯುತ್ತಮ ಕೆಲಸಗಳಲ್ಲಿ ಒಂದೆಂದು ನಾನು ತಿಳಿಯುತ್ತೇನೆ. ಅಲ್ಲಿ ಮಗು ಪುಸ್ತಕವನ್ನಷ್ಟೇ ಪಡೆಯುವುದಿಲ್ಲ. ಯಾರೂ ಕೆಲಸ ಹೇಳದ ಒಂದು ಕುರ್ಚಿಯನ್ನು ಪಡೆಯುತ್ತದೆ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿಯೂ ಪರೀಕ್ಷೆಯ ಮುನ್ನವೂ ಅವುಗಳ ಬಾಗಿಲು ರಾತ್ರಿ ಎಂಟರವರೆಗೆ ತೆರೆದಿದ್ದು, ಹೆಣ್ಣುಮಕ್ಕಳನ್ನು ಮನೆ ಮುಟ್ಟಿಸುವ ಏರ್ಪಾಡೂ ಇದ್ದರೆ, ಎಷ್ಟೋ ಮನೆಗಳ ಭಾರ ಹಗುರವಾದೀತು.

ಇನ್ನು ಮನೆ ಕಟ್ಟಿಸಿಕೊಡುವವರಿಗೆ ಒಂದು ವಿಜ್ಞಾಪನೆ. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವು 2000ದಿಂದ ಈ ರಾಜ್ಯದಲ್ಲಿ ಬಡವರ ಮನೆಗಳ ಹೊಣೆ ಹೊತ್ತಿದೆ. ಕಂತಿನ ಹಣ ಬಿಡುಗಡೆ ಮಾಡುವ ಮುನ್ನ ತಳಪಾಯ, ಗೋಡೆ, ಚಾವಣಿಗಳ ಚಿತ್ರವನ್ನು ತೆಗೆದು ಪರಿಶೀಲಿಸುವ ಕ್ರಮ ಹೇಗೂ ಇದೆ. ಆ ಪರಿಶೀಲನೆಗೆ ಎರಡು ಅಂಶಗಳನ್ನು ಸೇರಿಸಿದರೆ ಖಜಾನೆಗೆ ದೊಡ್ಡ ಹೊರೆಯೇನೂ ಬೀಳದು: ಬಚ್ಚಲಿಗೆ ಒಳಚಿಲಕವುಳ್ಳ ಬಾಗಿಲು, ಮತ್ತು ಮಲಗುವ ಕೋಣೆಯಲ್ಲಿ ಆಳೆತ್ತರದ ಒಂದು ಅಡ್ಡಗೋಡೆ ಅಥವಾ ಏಣಿಯಿಟ್ಟು ಹತ್ತಬಹುದಾದ ಒಂದು ಅಟ್ಟ. ಮಲೆನಾಡಿನ ಬಡಗಿಗಳಿಗೆ ಅಟ್ಟ ಕಟ್ಟುವುದನ್ನು ಯಾರೂ ಕಲಿಸಬೇಕಾಗಿಲ್ಲ. ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆಯನ್ನು ನಡೆಸುತ್ತವೆ. ಅಲ್ಲಿ ಮಕ್ಕಳು ಎದ್ದು ನಿಂತು ಶಾಲೆಯ ಕಾಂಪೌಂಡು, ಬಸ್ಸು, ಆಟದ ಮೈದಾನಗಳನ್ನು ಕೇಳುತ್ತಾರೆ. ಬಚ್ಚಲಿನ ಚಿಲಕವನ್ನು ಅಷ್ಟು ಜನರೆದುರು ಯಾವ ಮಗುವೂ ಕೇಳಲಾರದು. ಆದ್ದರಿಂದ ಸಭೆಗೆ ಒಂದು ವಾರ ಮುಂಚೆ ಶಾಲೆಗಳಲ್ಲಿ ಹೆಸರು ಬರೆಯದ ಚೀಟಿಗಳನ್ನು ಹಂಚಿ, ನಿಮ್ಮ ಮನೆಯಲ್ಲಿ ಮೀಯುವ ಜಾಗಕ್ಕೆ ಒಳಗಿನಿಂದ ಹಾಕಿಕೊಳ್ಳುವ ಚಿಲಕವಿದೆಯೇ, ನಿಮ್ಮದೇ ಆದ ಒಂದು ಪೆಟ್ಟಿಗೆಯಿದೆಯೇ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಪಡೆದು, ಆ ಲೆಕ್ಕವನ್ನು ಸಭೆಯ ಮುಂದಿಡುವ ಕೆಲಸವನ್ನು ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಪಂಚಾಯಿತಿಗಳು ಈ ವರ್ಷವೇ ಆರಂಭಿಸಬೇಕೆಂದು ಅವುಗಳ ಅಧ್ಯಕ್ಷರನ್ನೂ ಸದಸ್ಯರನ್ನೂ ಪ್ರಾರ್ಥಿಸುತ್ತೇನೆ.